ಹಿರಿಯರ ಹೇಳಿಕೆಗೆ ಯಾವ ರೆಕಾರ್ಡರ್? ಅರಣ್ಯ ಹಕ್ಕಿನ ಕೆಲಸದಲ್ಲಿ ಜೂಮ್ ಎಚ್1ಎನ್

ಜೂಮ್ ಎಚ್1ಎನ್ ಎಂಬ ಪುಟ್ಟ ಧ್ವನಿ ರೆಕಾರ್ಡರ್ ಬಗ್ಗೆ ಸಿಗುವ ವಿಮರ್ಶೆಗಳೆಲ್ಲ ಹಾಡುಗಾರರಿಗೆ, ವಿಡಿಯೋ ಮಾಡುವವರಿಗೆ. ಪೋಡಿನ (ಸೋಲಿಗರ ಹಾಡಿಯ) ಜಗಲಿಯಲ್ಲಿ ಕೂತು ಎಂಬತ್ತು ದಾಟಿದ ಅಜ್ಜನ ಮಾತು ಹಿಡಿಯಬೇಕು, ಆ ಮಾತು ನಾಳೆ ಅರಣ್ಯ ಹಕ್ಕಿನ ಅರ್ಜಿ ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿಯ ಮುಂದೆ ಸಾಕ್ಷ್ಯವಾಗಿ ನಿಲ್ಲಬೇಕು ಎನ್ನುವವರಿಗೆ ಈ ಯಂತ್ರ ಎಷ್ಟರಮಟ್ಟಿಗೆ ಒದಗುತ್ತದೆ ಎಂದು ಯಾರೂ ಬರೆದಂತಿಲ್ಲ. ಮೊದಲೇ ಹೇಳಿಬಿಡುತ್ತೇವೆ: ಯಂತ್ರ ಒಳ್ಳೆಯದು, ಕೊಳ್ಳಬಹುದು. ಆದರೆ ನಿಮ್ಮ ಹತ್ತಿರ ಇರುವ ದುಡ್ಡು, ವೇಳೆ ಎರಡರಲ್ಲೂ ದೊಡ್ಡ ಪಾಲು ರೆಕಾರ್ಡಿಂಗ್ ಮುಗಿದ ಮೇಲಿನ ಕೆಲಸಕ್ಕೆ ಬೇಕು. ಅದನ್ನು ಎತ್ತಿಡದೆ ಯಂತ್ರಕ್ಕೆ ಕೈ ಹಾಕಬೇಡಿ.

ಕಾರಣ ಕಾನೂನಿನಲ್ಲೇ ಇದೆ. ಕಾಡಿನಲ್ಲಿ ನೆಲೆಸಿದವರ ಹಕ್ಕನ್ನು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆಗೆ 2008ರಲ್ಲಿ ಬಂದ ನಿಯಮಗಳ 13ನೇ ನಿಯಮ, ಯಾವುದೆಲ್ಲ ಸಾಕ್ಷ್ಯ ಎಂದು ಪಟ್ಟಿ ಕೊಡುತ್ತದೆ. ಗೆಜೆಟಿಯರ್, ಜನಗಣತಿ, ಮತದಾರರ ಗುರುತಿನ ಚೀಟಿ, ಹಳೆಯ ನಕ್ಷೆ, ಕೋರ್ಟಿನ ದಾಖಲೆ, ಬಾವಿ, ಸ್ಮಶಾನ, ದೇವರ ಜಾಗ, ವಂಶವೃಕ್ಷ ಎಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲು: ಅರ್ಜಿದಾರರನ್ನು ಬಿಟ್ಟು ಬೇರೆ ಹಿರಿಯರ ಹೇಳಿಕೆ, ಬರಹಕ್ಕಿಳಿಸಿದ್ದು. ಅಜ್ಜಿ ಹೇಳುವ ಕಥೆಗೆ ಸರ್ಕಾರಿ ಕಡತದ ಜೊತೆಯಲ್ಲಿ ಕೂರುವ ಅರ್ಹತೆ ಕೊಟ್ಟಿರುವುದು ಆ ಸಾಲು. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯವನ್ನು ಪರಿಗಣಿಸಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಹಾಗಾಗಿ ಹೇಳಿಕೆಯೊಂದನ್ನೇ ನೆಚ್ಚಿಕೊಂಡ ಅರ್ಜಿ ಕುಂಟುತ್ತದೆ. ಹೇಳಿಕೆ ಮತ್ತು ಬಾವಿ, ಹೇಳಿಕೆ ಮತ್ತು ದಂಡದ ರಸೀದಿ, ಹೀಗೆ ಜೋಡಿಯಾಗಿ ಹೋಗಬೇಕು. 2012ರ ತಿದ್ದುಪಡಿ ಬಂದ ಮೇಲೆ ಇಂಥದ್ದೇ ಕಾಗದ ತನ್ನಿ ಎಂದು ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ. ಉಪಗ್ರಹ ಚಿತ್ರ ಉಳಿದ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಬದಲಿಗೆ ಬರುವಂತಿಲ್ಲ. ಇದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕಾಗಿ ಬರುತ್ತದೆ, ನಿಯಮದ ಪ್ರತಿ ಚೀಲದಲ್ಲಿರಲಿ.

"ಬರಹಕ್ಕಿಳಿಸಿದ್ದು" ಎಂಬಲ್ಲಿಗೆ ಯಂತ್ರದ ಮಿತಿಯೂ ಗೊತ್ತಾಯಿತು. ಸಮಿತಿಗೆ ಬೇಕಿರುವುದು ಕಾಗದ. ಧ್ವನಿ ಆ ಕಾಗದಕ್ಕೆ ಬೆನ್ನೆಲುಬು ಮಾತ್ರ.

ಇನ್ನು ಯಂತ್ರ. ಎಚ್1ಎನ್ ಅಂಗೈಯಲ್ಲಿ ಕೂರುತ್ತದೆ, ಸೆಲ್ ಬಿಟ್ಟರೆ ಸುಮಾರು 60 ಗ್ರಾಂ. ತಲೆಯ ಮೇಲೆ 90 ಡಿಗ್ರಿಯಲ್ಲಿ ಅಡ್ಡಹಾಯ್ದ ಎರಡು ಮೈಕು, ಕೆಳಗೆ ಮೂರು ಕಾಲಿನ ಸ್ಟ್ಯಾಂಡಿಗೆ ಕೂರುವ ತಿರುಪು, ಮುಂದೆ ಸಣ್ಣ ಪರದೆ, ಅದರ ಮೇಲೆ ಧ್ವನಿಯ ಮಟ್ಟ ಏರಿಸಿ ಇಳಿಸುವ 0ರಿಂದ 10ರ ಗುಂಡಿ. ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಎರಡು ಹಾಕಿದರೆ ಸುಮಾರು 10 ಗಂಟೆ ಎಂದು ಕಂಪನಿ ಹೇಳುತ್ತದೆ. ಅದು ಆಲ್ಕಲೈನ್ ಸೆಲ್ಲಿನ ಲೆಕ್ಕ. ಹಳ್ಳಿ ಅಂಗಡಿಯ ಅಗ್ಗದ ಸೆಲ್ ಹಾಕಿ ಅಷ್ಟು ಹೊತ್ತು ನಿರೀಕ್ಷಿಸಬೇಡಿ. ಮೆನುವಿನಲ್ಲಿ ಸೆಲ್ ಯಾವ ಬಗೆಯದು ಎಂದು ಆರಿಸುವ ಜಾಗವಿದೆ. ಚಾರ್ಜ್ ಆಗುವ ಸೆಲ್ ಹಾಕಿ ಅಲ್ಲಿ ಆಲ್ಕಲೈನ್ ಎಂದೇ ಬಿಟ್ಟರೆ ಪರದೆ ತೋರಿಸುವ ಸೆಲ್ಲಿನ ಮಟ್ಟ ಸುಳ್ಳಾಗುತ್ತದೆ, ಮಾತಿನ ನಡುವೆ ಯಂತ್ರ ಕಣ್ಣು ಮುಚ್ಚುತ್ತದೆ. ಪೆಟ್ಟಿಗೆಯಲ್ಲಿ ಮೆಮೊರಿ ಕಾರ್ಡ್ ಬರುವುದಿಲ್ಲ. 32 ಜಿಬಿವರೆಗಿನ ಮೈಕ್ರೋ ಎಸ್‌ಡಿ ಹಿಡಿಸುತ್ತದೆ. ಒಂದು ದೊಡ್ಡದಕ್ಕಿಂತ 16 ಜಿಬಿಯ ಎರಡು ತಗೊಳ್ಳುವುದು ವಾಸಿ. ಗಾಳಿತಡೆ, ಯುಎಸ್‌ಬಿ ಕೇಬಲ್, ಪುಟ್ಟ ಸ್ಟ್ಯಾಂಡ್, ಪೆಟ್ಟಿಗೆ ಎಲ್ಲ ಬೇರೆಯಾಗಿ ಮಾರುವ ಎಪಿಎಚ್-1ಎನ್ ಕಿಟ್ಟಿನಲ್ಲಿವೆ. ಬೆಲೆ ನೋಡುವಾಗ ಇದೆಲ್ಲ ಕೂಡಿಸಿ ನೋಡಿ.

ಹೊಂದಿಕೆ ಒಮ್ಮೆ ಮಾಡಿದರೆ ಆಯಿತು. ಫೈಲ್ ವೇವ್ (WAV) ಇರಲಿ, ಎಂಪಿ3 ಬೇಡ. 16 ಬಿಟ್, 44.1 ಕಿಲೋಹರ್ಟ್ಸ್ ಮಾತಿಗೆ ಸಾಕು. ಗಂಟೆಗೆ ಸುಮಾರು 635 ಎಂಬಿ ತಗೊಳ್ಳುತ್ತದೆ, 16 ಜಿಬಿ ಕಾರ್ಡಿನಲ್ಲಿ 20 ಗಂಟೆಗೂ ಮೀರಿ ಹಿಡಿಸುತ್ತದೆ. 24 ಬಿಟ್, 96 ಕಿಲೋಹರ್ಟ್ಸ್ ಎಂದೆಲ್ಲ ಏರಿಸುವುದು ಕಾರ್ಡಿಗೆ ದಂಡ. ಆಟೋ ಲೆವೆಲ್ ಆಫ್ ಮಾಡಿ. ಅಜ್ಜ ಮಾತು ನಿಲ್ಲಿಸಿ ಯೋಚಿಸುವಾಗೆಲ್ಲ ಅದು ಮಟ್ಟ ಏರಿಸಿ ಹಿಂದಿನ ಕೋಳಿ, ಮಿಕ್ಸಿ, ಪಕ್ಕದ ಮನೆಯ ಟಿವಿಯನ್ನೆಲ್ಲ ಮುಂದಕ್ಕೆ ತಂದು ಕೂರಿಸುತ್ತದೆ. ದಿಢೀರನೆ ಬರುವ ಜೋರು ಸದ್ದನ್ನು ತಡೆಯುವ ಲಿಮಿಟರ್ ಆನ್ ಇರಲಿ. ಲೋ ಕಟ್ 80 ಹರ್ಟ್ಸ್‌ಗೆ ಇಟ್ಟರೆ ಫ್ಯಾನಿನ ಗುಂಯ್, ದೂರದ ಲಾರಿಯ ಸದ್ದು ತಗ್ಗುತ್ತದೆ. ಜೀರುಂಡೆಗೆ ಇದು ಮದ್ದಲ್ಲ, ಅದರ ದನಿ ಮೇಲಿನ ಸ್ಥಾಯಿಯದು. ಮುಸ್ಸಂಜೆಯಲ್ಲಿ ಕಾಡಂಚಿನ ಮನೆಗಳಲ್ಲಿ ರೆಕಾರ್ಡ್ ಮಾಡದಿರುವುದೊಂದೇ ದಾರಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೂ ಅಷ್ಟೇ.

ಬಾಯಿಗೂ ಮೈಕಿಗೂ ಒಂದು ಗೇಣು, ಒಂದೂವರೆ ಗೇಣು ಅಂತರ. ಜೋರಾಗಿ ಮಾತಾಡಿದಾಗ ಪರದೆಯ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ತಾಗುವಂತೆ ಗುಂಡಿ ತಿರುಗಿಸಿ, ಆಮೇಲೆ ಅದನ್ನು ಮುಟ್ಟಬೇಡಿ. ಈ ಯಂತ್ರದ ದೊಡ್ಡ ದೌರ್ಬಲ್ಯ ಮೈ. ಹಗುರ ಪ್ಲಾಸ್ಟಿಕ್, ಕೈಯಲ್ಲಿ ಹಿಡಿದರೆ ಬೆರಳು ಸರಿದದ್ದೂ ಗರಗರ ಎಂದು ದಾಖಲಾಗುತ್ತದೆ. ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದು ಗುಂಡು ಹಾರಿಸಿದಂತೆ ಬರುತ್ತದೆ. ಮಡಚಿದ ಕಂಬಳಿಯ ಮೇಲೆ ಸ್ಟ್ಯಾಂಡ್ ಇಟ್ಟು ಕೈ ತೆಗೆಯಿರಿ. ಕಿಟ್ಟಿನ ಸ್ಪಂಜಿನ ಟೊಪ್ಪಿಗೆ ಮನೆಯೊಳಗೆ ಸಾಕು. ಬಯಲಿನ ಗಾಳಿಗೆ ಏನೇನೂ ಸಾಲದು, ತುಪ್ಪಳದ ಹೊದಿಕೆಯೇ ಬೇಕು.

ಕಾಲರಿಗೆ ಸಿಕ್ಕಿಸುವ ಮೈಕು ಹಾಕುವವರು ಪಿನ್ ನೋಡಿ ಕೊಳ್ಳಿ. ಎರಡು ಕಪ್ಪು ಗೆರೆ ಇರುವ ಪಿನ್ ಇದಕ್ಕೆ ಸರಿ. ಮೂರು ಗೆರೆ ಇರುವುದು ಫೋನಿನದು, ನೇರ ಸಿಕ್ಕಿಸಿದರೆ ಮಾತು ಬರುವುದೇ ಇಲ್ಲ ಅಥವಾ ಪಿಸುಗುಟ್ಟಿದಂತೆ ಬರುತ್ತದೆ. ನಡುವೆ ಅಡಾಪ್ಟರ್ ಬೇಕು. ನೆಟ್ಟಗೆ ಕೂತು ಮಾತಾಡದೆ ಅತ್ತಿತ್ತ ತಿರುಗಿ ಕೈಮಾಡಿ ತೋರಿಸುವ ಹಿರಿಯರಿಗೆ ಈ ಮೈಕೇ ಸರಿ. ಹಾಗೆಂದು ಸೀರೆಯ ಸೆರಗಿಗೆ ಸಿಕ್ಕಿಸಿದರೆ ಬಳೆ, ಸರ, ಬಟ್ಟೆಯ ಸರಬರ ಎಲ್ಲ ಸೇರಿಕೊಳ್ಳುತ್ತದೆ. ಅಂಥಲ್ಲಿ ಯಂತ್ರದ ಸ್ವಂತ ಮೈಕೇ ಮೇಲು.

ಗ್ರಾಮಸಭೆಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಮೈಕುಗಳ ಮುಖ ಮುಂದಕ್ಕೆ, ಬೆನ್ನ ಹಿಂದಿನ ದನಿ ತೆಳುವಾಗುತ್ತದೆ. ಅದರ ಸ್ವಂತ ಸ್ಪೀಕರ್ ಕಿವಿಗೆ ಹಿಡಿದು ಕೇಳುವಷ್ಟೇ, ಸಭೆಗೆ ಕೇಳಿಸಲು ಹೊರಗಿನ ಸ್ಪೀಕರಿಗೆ ತಂತಿ ಹಾಕಬೇಕು.

ಯಂತ್ರದ ಗಡಿಯಾರದ ಬಗ್ಗೆ ಪ್ರತ್ಯೇಕ ಹೇಳಬೇಕು. ಸೆಲ್ ತೆಗೆದು ಬಹಳ ಹೊತ್ತು ಬಿಟ್ಟರೆ ದಿನಾಂಕ ಮರೆಯುತ್ತದೆ. ಎಷ್ಟೋ ವರ್ಷ ಹಿಂದಿನ ತಾರೀಖು ಬಿದ್ದ ಫೈಲನ್ನು ನೋಡಿದ ವಕೀಲರು ಮೊದಲು ಎತ್ತುವ ತಕರಾರು ಅದೇ. ಪ್ರತಿ ಸಲ ಆನ್ ಮಾಡಿದಾಗ ತಾರೀಖು ನೋಡಿ, ಜೊತೆಗೆ ರೆಕಾರ್ಡಿಂಗಿನ ಮೊದಲ ಮಾತಾಗಿ ದಿನ, ವೇಳೆ, ಊರು, ಹೇಳುವವರ ಹೆಸರು, ವಯಸ್ಸು, ಅಲ್ಲಿ ಕೂತಿರುವ ಎಲ್ಲರ ಹೆಸರು ಬಾಯಲ್ಲಿ ಹೇಳಿಸಿ. ನಡುವೆ ಪಾಸ್ ಒತ್ತಬೇಡಿ, ನೀರು ಕುಡಿಯಲಿ, ಎಲೆ ಅಡಿಕೆ ಹಾಕಿಕೊಳ್ಳಲಿ, ಓಡುತ್ತಿರಲಿ. ಕತ್ತರಿಸದ ಒಂದೇ ಫೈಲಿಗೆ ಇರುವ ಬೆಲೆ ಮೂರು ತುಂಡಿಗೆ ಇಲ್ಲ.

ಈಗ ಕೇಳುವ ಕ್ರಮ. ಹೆಚ್ಚಿನ ಹೇಳಿಕೆಗಳು ಬೀಳುವುದು ಇಲ್ಲಿಯೇ, ಯಾವ ರೆಕಾರ್ಡರೂ ಅದನ್ನು ಎತ್ತಲಾರದು.

ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರು ಎಂದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು (ಪರಿಶಿಷ್ಟ ಪಂಗಡಕ್ಕೆ ಸೇರದವರು) ಅದೇ ತಾರೀಖಿಗೆ ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ, ಕಾಡಿನಲ್ಲಿ ನೆಲೆಸಿ ಕಾಡನ್ನು ನೆಚ್ಚಿ ಬದುಕಿದವರಾಗಿರಬೇಕು. ಉತ್ತರ ಕನ್ನಡದಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡ. ಬೇಲಿಯಾಚೆಯ ಕುಣಬಿ ಮನೆಗೆ 75 ವರ್ಷದ ಲೆಕ್ಕ. ಆ ಜಿಲ್ಲೆಯಲ್ಲಿ ರಾಶಿಗಟ್ಟಲೆ ಅರ್ಜಿ ಸಿಕ್ಕಿಬಿದ್ದದ್ದು ಈ ಲೆಕ್ಕದಲ್ಲೇ. 2005ರಿಂದ 75 ಕಳೆದರೆ 1930. ಇಂದು 90 ದಾಟಿದವರಿಗೂ 1930 ಕಂಡ ನೆನಪಿರುವುದಿಲ್ಲ. ಆದ್ದರಿಂದ "ಅಜ್ಜಾ, ನೀವು ಎಷ್ಟು ವರ್ಷದಿಂದ ಇಲ್ಲಿದ್ದೀರಿ?" ಎಂಬ ಪ್ರಶ್ನೆಯಿಂದ ಏನೂ ಗಿಟ್ಟದು. ಎಲ್ಲರೂ "ತಲತಲಾಂತರದಿಂದ" ಎನ್ನುತ್ತಾರೆ, ಸಮಿತಿ ಅದನ್ನು ಓದಿ ಪಕ್ಕಕ್ಕಿಡುತ್ತದೆ.

ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ಮೊದಲಿನಿಂದಲೇ ಎರಡು ಪಾಲು ಮಾಡಿ. ತಾನು ಕಣ್ಣಾರೆ ಕಂಡದ್ದರಲ್ಲಿ ಯಾವ ಮನೆ ಎಲ್ಲಿತ್ತು, ಬಾವಿ ಯಾರು ತೋಡಿದರು, ಯಾರನ್ನು ಎಲ್ಲಿ ಮಣ್ಣು ಮಾಡಿದರು, ಫಾರೆಸ್ಟ್ ಗಾರ್ಡ್ ಬಂದು ರಸೀದಿ ಹರಿದದ್ದು ಯಾವಾಗ. ಕೇಳಿದ್ದರಲ್ಲಿ ಅಪ್ಪ ಹೇಳಿದ್ದು, ಅಜ್ಜಿ ಹೇಳಿದ್ದು, ಪ್ರತಿಯೊಂದಕ್ಕೂ ಹೇಳಿದವರ ಹೆಸರು. ಇಸವಿ ಕೇಳಬೇಡಿ, ಊರಿಗೇ ಗೊತ್ತಿರುವ ಘಟನೆಗೆ ಗಂಟು ಹಾಕಿ ಕೇಳಿ. ಉತ್ತರ ಕನ್ನಡದವರಿಗೆ ಇಲ್ಲೊಂದು ಅದೃಷ್ಟವಿದೆ: ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನಡೆದದ್ದು ಸರಿಯಾಗಿ 1930ರಲ್ಲಿ. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ಸೀಮೆಯ ಕರನಿರಾಕರಣೆ. ಜಪ್ತಿ, ಜೈಲು, ಊರುಬಿಟ್ಟವರ ಕಥೆಗಳು ಅಲ್ಲಿಯ ಮನೆಮನೆಯಲ್ಲಿವೆ. "ಕರನಿರಾಕರಣೆ ಕಾಲದಲ್ಲಿ ನಿಮ್ಮ ಅಜ್ಜನ ಮನೆ ಎಲ್ಲಿತ್ತಂತೆ? ಅದನ್ನು ನಿಮಗೆ ಯಾರು ಹೇಳಿದ್ರು?" ಈ ಎರಡು ಪ್ರಶ್ನೆಗೆ ಬರುವ ಉತ್ತರ ಹತ್ತು "ತಲತಲಾಂತರ"ಕ್ಕೆ ಸಮ. ಶರಾವತಿ ಸೀಮೆಯಲ್ಲಾದರೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು, ಬಿಳಿಗಿರಿರಂಗನ ಬೆಟ್ಟದಲ್ಲಾದರೆ 1974ರಲ್ಲಿ ಅಭಯಾರಣ್ಯ ಮಾಡಿದ್ದು. ಜೊತೆಗೆ ವಂಶವೃಕ್ಷ ಬರೆಸಿ, ಹೇಳಿಕೆಯಲ್ಲಿ ಬಂದ ಹೆಸರುಗಳು ಅದರಲ್ಲಿಯೂ ಇರಬೇಕು.

ಇನ್ನೊಂದು ತಪ್ಪು, ಮೇಲ್ನೋಟಕ್ಕೆ ಸಣ್ಣದು: ಅರ್ಜಿ ಹಾಕಿದ ಅಜ್ಜನದೇ ಹೇಳಿಕೆಯನ್ನು ಅವನದೇ ಅರ್ಜಿಗೆ ಲಗತ್ತಿಸುವುದು. ನಿಯಮ ಅದನ್ನು ಒಪ್ಪುವುದಿಲ್ಲ. ಅವನ ಮಾತು ಪಕ್ಕದ ಮನೆಯ ಅರ್ಜಿಗೆ, ಪಕ್ಕದವನ ಮಾತು ಇವನ ಅರ್ಜಿಗೆ. ನಲವತ್ತು ಮನೆಗೆ ಒಂದೇ ಒಕ್ಕಣೆ ಟೈಪು ಮಾಡಿ ಹೆಸರು ಬದಲಿಸಿ ಕೊಡುವ ಚಾಳಿಯೂ ಇದೆ. ಹತ್ತನೆಯದಕ್ಕೇ ಅಧಿಕಾರಿಗೆ ಗೊತ್ತಾಗುತ್ತದೆ, ನಲವತ್ತೂ ಒಟ್ಟಿಗೆ ಬೀಳುತ್ತವೆ. ಒಬ್ಬೊಬ್ಬರದು ಒಂದೊಂದು ಥರ ಇರುವುದೇ ಕಥೆಯ ಬಲ. ಒಬ್ಬರು ಮಾವಿನ ಮರ ಹೇಳಿದರೆ ಇನ್ನೊಬ್ಬರು ಅದರ ಬುಡದ ಕಲ್ಲು ಹೇಳುತ್ತಾರೆ. ಸ್ಥಳ ತನಿಖೆಗೆ ಬಂದವರು ಎರಡನ್ನೂ ಕಂಡರೆ ಮಹಜರಿಗೆ ಬೇರೆ ಮಾತು ಬೇಕಿಲ್ಲ.

ಒಂದು ಮನೆಗಲ್ಲ, ಇಡೀ ಊರಿಗೆ ಸೇರಿದ ಸಮುದಾಯ ಹಕ್ಕಿಗೆ ಕೆಲಸ ಇನ್ನೂ ಸೊಗಸು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಆ ಕಾಡಿನಲ್ಲಿ ಹಿರಿಯರ ಜೊತೆ ನಡೆದು, ಕುಲಕುಲದ ಎಲ್ಲೆಯೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ (ನೀರಿನ ಜಾಗ) ಎಂಬ ಪವಿತ್ರ ಜಾಗಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ನಕ್ಷೆ ಮಾಡಿದ್ದಾರೆ. ಇಂಥ ನಡಿಗೆಗೆ ಎಚ್1ಎನ್ ಹೇಳಿ ಮಾಡಿಸಿದಂತಿದೆ. ಕಾಲರಿನ ಮೈಕು ಸಿಕ್ಕಿಸಿ, ಯಂತ್ರವನ್ನು ಅಂಗಿಯ ಜೇಬಿಗೆ ಹಾಕಿ, ಪವರ್ ಗುಂಡಿಯನ್ನು ಹೋಲ್ಡ್ ಕಡೆಗೆ ಸರಿಸಿ. ಹಾಗೆ ಮಾಡದಿದ್ದರೆ ಜೇಬಿನಲ್ಲೇ ಯಾವುದೋ ಗುಂಡಿ ಒತ್ತಿಕೊಂಡು ನಿಂತುಹೋಗುತ್ತದೆ. ಹೊರಡುವ ಮುನ್ನ ರೆಕಾರ್ಡರಿನ ಗಡಿಯಾರವನ್ನು ಜಿಪಿಎಸ್ ಗಡಿಯಾರಕ್ಕೆ ಸರಿಹೊಂದಿಸಿ. ಬಿಂದು ಗುರುತು ಮಾಡಿದಾಗ ಅದರ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ: "ಹದಿನೇಳು, ಕಲ್ಲುಗುಡಿ, ಇಂಥ ಕುಲದ್ದು." ಆಮೇಲೆ ಬರೆಯಲು ಕೂತವರಿಗೆ ಯಾವ ಮಾತು ಯಾವ ಜಾಗದ್ದು ಎಂದು ತಡಕಾಡುವ ಪಾಡಿಲ್ಲ.

ಹಾಡು ಬಂದರೆ ತಡೆಯಬೇಡಿ. ಹಾಡಿನಲ್ಲಿ ಜಾಗದ ಹೆಸರುಗಳು ಬರುವ ಕ್ರಮ ಎಷ್ಟೋ ಸಲ ನಡೆದುಹೋಗುವ ದಾರಿಯ ಕ್ರಮವೇ ಆಗಿರುತ್ತದೆ, ಮಾತಿನಲ್ಲಿ ಬಿಟ್ಟುಹೋದ ಅಬ್ಬಿಯೊಂದು ಅಲ್ಲಿ ಸಿಕ್ಕುತ್ತದೆ. ಕೆನಡಾದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನ ತಮ್ಮ ನೆಲದ ಮೊಕದ್ದಮೆಯಲ್ಲಿ ಕುಲದ ಕಥೆ, ಹಾಡುಗಳನ್ನೇ ದಾಖಲೆಯಾಗಿ ಮುಂದಿಟ್ಟಿದ್ದರು. ವಿಚಾರಣೆಯಲ್ಲಿ ಹಿರಿಯರೊಬ್ಬರು ಹಾಡಲು ಹೊರಟರೆ, ತನಗೆ ಹಾಡು ಕೇಳುವ ಕಿವಿಯಿಲ್ಲ ಎಂದರು ನ್ಯಾಯಾಧೀಶರು. 1991ರ ತೀರ್ಪು ಆ ಸಾಕ್ಷ್ಯಕ್ಕೆ ಬೆಲೆ ಕೊಡಲಿಲ್ಲ. 1997ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಬಾಯಿಮಾತಿನ ಚರಿತ್ರೆಯನ್ನು ಬರೆದ ದಾಖಲೆಗಳಿಗೆ ಸಮನಾಗಿ ತೂಗಬೇಕು ಎಂದಿತು. ನಮ್ಮ ನಿಯಮದಲ್ಲಿ ಹಿರಿಯರ ಮಾತಿಗೆ ಮೊದಲೇ ಜಾಗವಿದೆ, ಬಳಸಿಕೊಳ್ಳುವವರು ಕಡಿಮೆ.

ರೆಕಾರ್ಡ್ ಮುಗಿದ ಸಂಜೆಯೇ ಮೂಲ ಫೈಲನ್ನು ಎರಡು ಕಡೆ ನಕಲು ಮಾಡಿ, ಕಾರ್ಡಿನದನ್ನು ಅಳಿಸದೆ ಎತ್ತಿಡಿ. ನಕಲಿಗೆ ತಾರೀಖು, ಊರು, ಸಂಖ್ಯೆ ಸೇರಿಸಿ ಹೆಸರು ಕೊಡಿ. ಅದೇ ದಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಚೂರು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ; ವಿಂಡೋಸ್ ಕಂಪ್ಯೂಟರಿನಲ್ಲಿ ಇದಕ್ಕೆ ಬೇಕಾದ ಸರ್ಟ್‌ಯುಟಿಲ್ ಮೊದಲೇ ಇರುತ್ತದೆ. ವ್ಯವಹಾರ ಮುಂದೆ ಹೈಕೋರ್ಟಿಗೆ ಹೋದರೆ, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಕೇಳುತ್ತಾರೆ. ವಾಟ್ಸಾಪಿನಲ್ಲಿ ಆಡಿಯೋ ಎಂದು ಕಳಿಸಿದರೆ ಫೈಲ್ ಹಿಂಡಿಹೋಗಿ ಹ್ಯಾಶ್ ಬದಲಾಗಬಹುದು. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಿ.

ಬರೆದಿಳಿಸಲು ಒಂದು ಗಂಟೆಯ ಮಾತಿಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಯಂತ್ರದಲ್ಲಿ ಅರ್ಧ ವೇಗಕ್ಕೆ ಇಳಿಸಿ ಕೇಳುವ ಸೌಲಭ್ಯವಿದೆ, ದನಿ ಗೊಗ್ಗರಾಗುವುದಿಲ್ಲ, ಈ ಕೆಲಸಕ್ಕೆ ಅದು ದೊಡ್ಡ ವರ. ಮಾತಿನಿಂದ ಅಕ್ಷರ ಮಾಡುವ ಆ್ಯಪ್‌ಗಳು ಪಟ್ಟಣದ ಕನ್ನಡಕ್ಕೆ ಪರವಾಗಿಲ್ಲ. ಸೋಲಿಗರ ನುಡಿ, ಕಾಡಿನ ಜಾಗದ ಹೆಸರು ಬಂದಕೂಡಲೇ ತಮಗೆ ತೋಚಿದ್ದು ಬರೆಯುತ್ತವೆ. ಹೆಸರು ತಪ್ಪಿದರೆ ಹೇಳಿಕೆಯೇ ಹೋಯಿತು. ಹೇಳಿದವರ ಮಾತಿನಲ್ಲೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಸಲ್ಲಿಸುವ ಹೇಳಿಕೆ ಎರಡು ಪುಟ ಮೀರದಿರಲಿ: ಹೆಸರು, ವಯಸ್ಸು, ಅರ್ಜಿದಾರರಿಗೆ ಏನಾಗಬೇಕು, ಹೇಗೆ ಬಲ್ಲರು, ಕಂಡದ್ದು, ಕೇಳಿದ್ದು, ಜಾಗದ ಚಕ್ಕುಬಂದಿ. ಅದನ್ನು ಅವರಿಗೇ ಓದಿ ಹೇಳಿ, ತಿದ್ದಿಸಿಕೊಂಡು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಇಬ್ಬರು ಸಾಕ್ಷಿಗಳ ಸಹಿ ತಗೊಳ್ಳಿ. ಓದಿ ಹೇಳಿದ್ದನ್ನೂ ರೆಕಾರ್ಡ್ ಮಾಡಿ. ಆಮೇಲೆ ಅರಣ್ಯ ಹಕ್ಕು ಸಮಿತಿಯ ಮೂಲಕ ಗ್ರಾಮಸಭೆಗೆ. ಅಲ್ಲಿ ಅರ್ಧ ಕೋರಂ, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರು ಇಲ್ಲದಿದ್ದರೆ ನಿರ್ಣಯಕ್ಕೆ ಕಾಲಿಲ್ಲ. ತಿರಸ್ಕಾರವಾದರೆ ಮೇಲಿನ ಸಮಿತಿಗೆ ಹೋಗಲು 60 ದಿನ.

ಸಮಿತಿ ಕೇಳದಿದ್ದರೆ ಧ್ವನಿಯನ್ನು ಕೊಡಬೇಡಿ. ಎರಡು ಗಂಟೆಯ ಮಾತಿನಲ್ಲಿ ಹಿರಿಯರು ಹಳೆಯ ಬೇಟೆಯ ಕಥೆಯನ್ನೂ ಹೇಳಿರುತ್ತಾರೆ, ಕಾಯ್ದೆ ಬೇಟೆಗೆ ಹಕ್ಕು ಕೊಟ್ಟಿಲ್ಲ. ಜೇನುಬಂಡೆಯ ಜಾಗ, ಹೊರಗಿನವರಿಗೆ ತೋರಿಸದ ದೇವರ ಜಾಗ ಎಲ್ಲ ಅದರಲ್ಲಿ ಇರುತ್ತವೆ. ಯಾವುದು ಹೊರಗೆ ಹೋಗಬೇಕು ಎನ್ನುವುದನ್ನು ಹೇಳಿದವರು, ಅವರ ಗ್ರಾಮಸಭೆ ತೀರ್ಮಾನಿಸಲಿ. ಯೂಟ್ಯೂಬಿಗೆ ಹಾಕುವ ಆಸೆಯನ್ನಂತೂ ಬಿಟ್ಟುಬಿಡಿ.

ಫೋನು ಸಾಲದೇ ಎಂದು ಕೇಳುವವರಿದ್ದಾರೆ. ಒಂದೆರಡು ಹೇಳಿಕೆಗೆ ಧಾರಾಳವಾಗಿ ಸಾಕು: ಏರೋಪ್ಲೇನ್ ಮೋಡಿಗೆ ಹಾಕಿ, ಒಂದು ಗೇಣು ದೂರ ಇಟ್ಟು ರೆಕಾರ್ಡ್ ಮಾಡಿ. ಕರೆ ಬಂದು ನಿಲ್ಲುವುದು, ಜಾಗ ತುಂಬುವುದು, ಫೋನಿನ ಯಜಮಾನ ಊರು ಬಿಟ್ಟು ಹೋಗುವುದು ಅದರ ತೊಂದರೆಗಳು. ಇಪ್ಪತ್ತು ಮೂವತ್ತು ಹಿರಿಯರಿರುವ ಊರಿಗೆ, ಊರಿನ ಅರಣ್ಯ ಹಕ್ಕು ಸಮಿತಿಯ ಹೆಸರಿನಲ್ಲೇ ಒಂದು ಎಚ್1ಎನ್ ಇರುವುದು ಒಳ್ಳೆಯದು. 2024ರಲ್ಲಿ ಬಂದ ಎಚ್1 ಎಸೆನ್ಷಿಯಲ್‌ನಲ್ಲಿ 32 ಬಿಟ್ ಫ್ಲೋಟ್ ಇದೆ, ಮಟ್ಟ ಹೊಂದಿಸುವ ಗೋಜಿಲ್ಲ, ಟೈಪ್-ಸಿ ಕೇಬಲ್. ಹೊಸದಾಗಿ ಕಲಿಯುವವರ ಕೈಗೆ ಕೊಡುವುದಾದರೆ ಅದೇ ಸರಿ, ಫೈಲುಗಳು ಮಾತ್ರ ಎರಡರಷ್ಟು ದಪ್ಪ. ಎಚ್1ಎನ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಬಿಡಬೇಡಿ. ಕೊಳ್ಳುವ ಮುನ್ನ ರೆಕಾರ್ಡ್ ಮಾಡುತ್ತಲೇ ಮಟ್ಟದ ಗುಂಡಿ ತಿರುಗಿಸಿ ಚಟಪಟ ಬರುತ್ತದೆಯೇ ಕೇಳಿ, ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಇದೆಯೇ ನೋಡಿ, ಕಾರ್ಡ್ ಹಾಕಿ ತೆಗೆದು ಪರೀಕ್ಷಿಸಿ.

ಅಂಕ ಕೊಡುವುದಾದರೆ, ಕೂತು ಮಾತಾಡಿಸುವ ಕೆಲಸಕ್ಕೆ ಹತ್ತಕ್ಕೆ ಎಂಟು, ಕಾಡಿನ ನಡಿಗೆಗೆ ಕಾಲರಿನ ಮೈಕಿನ ಜೊತೆ ಎಂಟು, ಗ್ರಾಮಸಭೆಗೆ ಐದು.